ಮಾರುದ್ದದ ಸುಳಿವು: ಪದಬಂಧಕ್ಕೆ ಕಥೆ ಕಟ್ಟೋದು ಹೇಗೆ

ಮೊದಲು ಇದನ್ನ ಓದಿ.

"ಹದಿನಾಲ್ಕು ವರ್ಷ ಅಂತ ರಾಮ ಹೊರಟಿದ್ದು ಎಲ್ಲಿಗೆ ಅಂತ ಮೊಮ್ಮಗಳು ಕೇಳಿದ್ಲು, ಅಜ್ಜಿ ಬಾಯಿ ಬಿಟ್ಟು ಹೇಳಲಿಲ್ಲ, ಅವಳ ಕಣ್ಣಿಗೆ ಹಚ್ಚಿ ಕೆನ್ನೆಗೊಂದು ಬೊಟ್ಟಿಟ್ಟು ಕಳಿಸಿದ್ಲು (3)"

ಉತ್ತರ ಕಾಡಿಗೆ, ಕೊನೇಲಿರೋ (3) ಅಂದ್ರೆ ಉತ್ತರಕ್ಕೆ ಮೂರು ಮನೆ, ಮನೆಗೊಂದು ಅಕ್ಷರ. ರಾಮ ಹೋಗಿದ್ದೂ ಕಾಡಿಗೆ, ಅಜ್ಜಿ ಹಚ್ಚಿದ್ದೂ ಕಾಡಿಗೆ. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಭಾನುವಾರ ನಾನೊಂದು ಪುಟ್ಟ ಪದಬಂಧ ಹಾಕ್ತೀನಿ, ಅದರಲ್ಲಿ ಜನಕ್ಕೆ ನೆನಪಿರೋದು ಇಂಥವೇ, "ಆನೆ (2)" ಅಂತ ಹಾಕಿದ್ದು ಯಾರಿಗೂ ನೆನಪಿಲ್ಲ. ಪೇಪರಿನ ಪದಬಂಧಕ್ಕೆ ಜಾಗ ಕಮ್ಮಿ, ಅಲ್ಲಿ ಒಂದೆರಡು ಪದದಲ್ಲೇ ಮುಗಿಸಬೇಕು, ಕೊನೇಗೆ "ಹಿಂದುಮುಂದಾಗಿದೆ" ಅಂತ ಒಂದು ಬಾಲ ಹಚ್ಚಿದ್ರೆ ಅದೇ ದೊಡ್ಡ ಆಟ. ನಮಗೇನು, ಮೊಬೈಲಲ್ಲಿ ಜಾಗಕ್ಕೆ ದುಡ್ಡು ಕೊಡಬೇಕಾ? ಹಾಗಾಗಿ ಮೂರು ಮನೆ ಪದಕ್ಕೆ ಮೂರು ಸಾಲಿನ ಸುಳಿವು ಬರೆಯೋ ಚಟ ಅಂಟಿಕೊಂಡಿದೆ. ಹೇಗೆ ಬರೀತೀಯ ಅಂತ ಕೇಳೋರಿಗೆಲ್ಲ ಒಂದೊಂದು ಸಲ ಹೇಳಿ ಸಾಕಾಯ್ತು, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ.

ಉದ್ದ ಸುಳಿವು ನಮಗೇನು ಹೊಸದಲ್ಲ. ಉತ್ತರ ಕರ್ನಾಟಕದ ಮದುವೆ ಮನೇಲಿ ಗಂಡನ ಹೆಸರು ಹೇಳು ಅಂತ ಹೊಸ ಹೆಂಡತೀನ ಅಡ್ಡಗಟ್ಟಿ ನಿಲ್ಲಿಸಿದ್ರೆ ಅವಳು ನೇರ ಹೆಸರು ಹೇಳ್ತಾಳಾ, ಒಡಪು ಹಾಕ್ತಾಳೆ, ಎಲ್ಲೆಲ್ಲೋ ಸುತ್ತಾಡಿಸಿ ಕೊನೇಗೆ ಹೆಸರು. ಒಗಟು, ದಾಸರ ಮುಂಡಿಗೆ ಎಲ್ಲಾ ಇದೇ ಜಾತಿ. ವ್ಯತ್ಯಾಸ ಒಂದೇ, ಪದಬಂಧದಲ್ಲಿ ಎಷ್ಟು ಮನೆ ಅನ್ನೋದು ಕಟ್ಟಿಟ್ಟಾಗಿದೆ, ಅಕ್ಕಪಕ್ಕದ ಪದಗಳು ಕಾವಲು ಕೂತಿರ್ತವೆ, ಉತ್ತರ ಒಂದೇ ಇರಬೇಕು.

ಮೊದಲ ಕೆಲಸ ಉತ್ತರ ಆರಿಸೋದು. ಸುಳಿವು ಹೊಳೆದು ಆಮೇಲೆ ಉತ್ತರ ಹುಡುಕೋದು ಅಂತ ಇಲ್ಲ, ಉಲ್ಟಾ. ಒಂದು ಪದ ತಗೊಂಡು ಅದನ್ನ ಕುಟ್ಟಿ ನೋಡಿ, ಒಳಗೆ ಟೊಳ್ಳಿದ್ರೆ ಸದ್ದು ಬರುತ್ತೆ. "ಮಂಡ್ಯ" ಕುಟ್ಟಿದ್ರೆ ಏನೂ ಬರಲ್ಲ. "ಮೈಸೂರು" ಕುಟ್ಟಿದ್ರೆ ಮೈ ಒಂದು ಕಡೆ, ಸೂರು ಒಂದು ಕಡೆ. ಆಮೇಲೆ ಕಥೆ ತಾನಾಗೇ ಬರುತ್ತೆ: "ದೇಹಕ್ಕೊಂದು ಮಾಡು ಇದ್ರೆ ಸಾಕು ಅಂತ ಹೊರಟವನಿಗೆ ಅರಮನೆ, ದಸರಾ, ಪಾಕು ಎಲ್ಲಾ ಬಿಟ್ಟಿ ಸಿಕ್ತು (3)". ಇದರಲ್ಲಿ "ಮಾಡು" ಅಂತ ಬೇಕಂತಲೇ ಹಾಕಿದ್ದು, ಕರಾವಳಿಯವರಿಗೆ ಮಾಡು ಅಂದ್ರೆ ಚಾವಣಿ ಅಂತ ಥಟ್ಟನೆ ಹೊಳೆಯುತ್ತೆ, ಬೆಂಗಳೂರಿನವರು "ಏನು ಮಾಡು?" ಅಂತ ತಲೆ ಕೆರ್ಕೋತಾರೆ.

ಈಗ ನನ್ನ ಖಜಾನೆ ತೋರಿಸ್ತೀನಿ. ಕನ್ನಡದಲ್ಲಿ ಉದ್ದ ಸುಳಿವಿಗೆ ಅತಿ ದೊಡ್ಡ ಸಹಾಯ ಅಂದ್ರೆ ಚತುರ್ಥಿ ವಿಭಕ್ತಿ, ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಗೆ, ಇಗೆ, ಕ್ಕೆ, ಅದು. "ಗೆ" ಅಂತ ಮುಗಿಯೋ ಪದಗಳನ್ನ ಒಂದು ಹಾಳೆ ಮೇಲೆ ಬರ್ಕೊಂಡು ಹೋಗಿ, ಅರ್ಧಕ್ಕರ್ಧ ಪದ ಎರಡು ಮುಖದವು. ಹೋಳಿಗೆ ಅಂದ್ರೆ ತಿನ್ನೋದು, ಹೋಳಿ ಹಬ್ಬಕ್ಕೆ ಅಂತಲೂ ಹೌದು. ಮಲ್ಲಿಗೆ ಅಂದ್ರೆ ಹೂವು, ಮಲ್ಲಿ ಅನ್ನೋ ಹುಡುಗಿಗೆ ಅಂತಲೂ ಹೌದು. ಅಡಿಗೆ ಅಂದ್ರೆ ಒಲೆ ಮೇಲಿಂದು, ಸೈಟಿನ ರೇಟು ಹೇಳುವಾಗ ಅಡಿಗೆ ಇಷ್ಟು ಅಂತೀವಲ್ಲ ಅದೂ ಹೌದು. "ಸೈಟಿಗೆ ರೇಟು ಯಾವ ಲೆಕ್ಕದಲ್ಲಿ ಅಂತ ಬ್ರೋಕರ್ ಹೇಳಿದ ಒಂದೇ ಮಾತಿಗೆ ನಮ್ಮ ಅತ್ತೆ ಎದ್ದು ಹೋಗಿ ಮಾಡೋಕೆ ಶುರು ಹಚ್ಕೊಂಡ್ರು (3)". ಒಂದು ಎಚ್ಚರಿಕೆ, ಕೆಲವರು ಅಡುಗೆ ಅಂತ ಬರೀತಾರೆ, ಆವಾಗ ನಡುವಿನ ಮನೇಲಿ ಡಿ ಬದಲು ಡು ಕೂತು ಮೇಲಿಂದ ಕೆಳಕ್ಕೆ ಬರೋ ಪದ ಕೆಟ್ಟು ಕೆರ ಹಿಡಿಯುತ್ತೆ. ಅಂಥ ಕಡೆ ಸುಳಿವಿನಲ್ಲಿ ಅಡಿ ಅಥವಾ ಫೂಟು ಅನ್ನೋ ಅರ್ಥ ಗಟ್ಟಿಯಾಗಿ ಬರಬೇಕು.

ಈ ಗೆ ಆಟದಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಪ್ರಶ್ನೆಯ ಬಾಲಕ್ಕೂ ಉತ್ತರದ ಬಾಲಕ್ಕೂ ಗಂಟು ಸರಿಯಾಗಿ ಬೀಳಬೇಕು. ರಾಮ "ಎಲ್ಲಿ" ಹೋದ ಅಂತ ಕೇಳಿದ್ರೆ ತಪ್ಪು, "ಎಲ್ಲಿಗೆ" ಅಂತಲೇ ಕೇಳಬೇಕು, ಆವಾಗ ಮಾತ್ರ ಕಾಡಿಗೆ. ಇದರಲ್ಲಿ ನಾನೇ ಒಂದು ಸಲ ಎಡವಿದೀನಿ. ಬಾಡಿಗೆ ಅನ್ನೋ ಪದ ಸಿಕ್ಕಿದಾಗ ನಿಧಿ ಸಿಕ್ಕಷ್ಟು ಖುಷಿ ಆಗಿತ್ತು. ನಮ್ಮ ಹಳೇ ಮೈಸೂರು ಕಡೆ ಬಾಡು ಅಂದ್ರೆ ಮಾಂಸದ ಅಡಿಗೆ, ಹಾಗಾಗಿ ಬಾಡಿಗೆ ಅಂದ್ರೆ ಬಾಡೂಟಕ್ಕೋಸ್ಕರ ಅಂತಲೂ ಆಗುತ್ತೆ. ಬರೆದೆ: "ಭಾನುವಾರ ಕುರಿ ಕುಯ್ದಿದ್ದು ಯಾತಕ್ಕೆ, ಒಂದನೇ ತಾರೀಖು ಓನರ್ ಬಾಗಿಲು ತಟ್ಟಿದ್ದು ಯಾತಕ್ಕೆ (3)". ಬಂತು ನೋಡಿ ಫೋನು. ಓನರ್ ಬಾಗಿಲು ತಟ್ಟೋದು ಬಾಡಿಗೆ ಅಲ್ಲ ಸ್ವಾಮಿ, ಬಾಡಿಗೆಗೆ, ಇನ್ನೊಂದು ಗೆ ಎಲ್ಲಿ ಅಂತ ತಂಗಿ ಗಂಡ ಕೇಳಿದ್ರು, ಅವರು ಲೆಕ್ಕಪತ್ರದವರು, ಒಂದು ಪೈಸೆ ಬಿಡಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ತಿದ್ದಿದ್ದು ಹೀಗೆ: "ಭಾನುವಾರ ಬೆಳಿಗ್ಗೆ ಕುರಿ ಕುಯ್ದಿದ್ದು ಯಾತಕ್ಕೆ ಅಂತ ಓನರ್ ಕೇಳಿದ್ರು ಅಂದ್ಕೊಂಡೆ, ಪಾಪ ಅವರು ಕೇಳಿದ್ದು ಹೋದ ತಿಂಗಳದ್ದು (3)". ಕೇಳಿದ್ದು ಏನು? ಬಾಡಿಗೆ. ಇಲ್ಲಿ ಗಂಟು ಬಿತ್ತು. ಕನ್ನಡದಲ್ಲಿ ಜೀವ ಇಲ್ಲದ ವಸ್ತುವಿಗೆ "ಅನ್ನು" ಹಚ್ಚದೇನೂ ವಾಕ್ಯ ನಡೆಯುತ್ತೆ, ಬಾಡಿಗೆ ಕೇಳಿದ್ರು, ಕಾಡಿಗೆ ಹಚ್ಚಿದ್ರು, ಹೋಳಿಗೆ ತಿಂದ್ರು, ಈ ಸಡಿಲವೇ ನಮ್ಮ ಬಂಡವಾಳ. ಅಂದಹಾಗೆ ಹುಬ್ಬಳ್ಳಿ ಕಡೆ ನೆಂಟರಿಗೆ ಬಾಡು ಅನ್ನೋ ಪದವೇ ಗೊತ್ತಿರಲಿಲ್ಲ, ಅವರಿಗೆ ಅರ್ಧ ಸುಳಿವು ಮಾತ್ರ ಸಿಕ್ಕಿದ್ದು. ಒಂದು ಸೀಮೆಯ ಪದ ಹಾಕಿದ್ರೆ ಇನ್ನರ್ಧ ಎಲ್ಲರಿಗೂ ಗೊತ್ತಿರೋದಾಗಿರಲಿ.

ಗೆ ಒಂದೇ ಅಲ್ಲ, "ಲಿ" ಕೂಡ ಇದೆ. "ಏನು ಕೊಡಲಿ ಅಂತ ಅಂಗಡಿಯವ ಕೇಳಿದ್ರೆ ಮರ ಯಾಕೆ ಹೆದರುತ್ತೆ" ಅನ್ನೋದರಲ್ಲೇ ಇದೆ ನೋಡಿ. ಅದನ್ನ ನೀವೇ ಬೆಳೆಸ್ಕೊಳ್ಳಿ.

ಮುಂದಿನದು ಪದದೊಳಗೆ ಪದ ಬಚ್ಚಿಡೋದು. "ರಾಮನ ಗರಡಿ" ಅಂತ ಬರೆದು ನಡುವೆ ನೋಡಿ, ನ ಗ ರ, ನಗರ ಕೂತಿದೆ. "ಬೆಳ್ಳಂಬೆಳಿಗ್ಗೆ ಕಸರತ್ತು ಮಾಡೋಣ ಅಂತ ರಾಮನ ಗರಡಿಯೊಳಗೆ ಇಣುಕಿದ್ರೆ ಪೈಲ್ವಾನರೂ ಇಲ್ಲ ಮಣ್ಣೂ ಇಲ್ಲ, ಇಡೀ ಪಟ್ಟಣವೇ ಬಂದು ಕೂತಿದೆ (3)". ಇದನ್ನ ಹಾಕಿದ ದಿನ ಒಬ್ಬರು ರಾಮನಗರ ಅಂತ ಉತ್ತರ ಕಳಿಸಿದ್ರು, ನೋಡಿದ್ರೆ ಅದೂ ಅಲ್ಲೇ ಇದೆ, ಮೊದಲ ಐದು ಅಕ್ಷರ! ನನಗೇ ಗೊತ್ತಿರಲಿಲ್ಲ. ಪುಣ್ಯಕ್ಕೆ ಕೊನೇಲಿ (3) ಅಂತ ಇತ್ತು, ಇಲ್ಲಾಂದ್ರೆ ಮರ್ಯಾದೆ ಹೋಗ್ತಿತ್ತು. ಬಚ್ಚಿಡುವಾಗ ಕನ್ನಡದಲ್ಲಿ ಬರೋ ತೊಂದರೆ ಅಂದ್ರೆ ಪ್ರತಿ ಪದಕ್ಕೂ ಪ್ರತ್ಯಯ ಅಂಟ್ಕೊಳ್ಳುತ್ತೆ, ಗರಡಿ ಹೋಗಿ ಗರಡಿಯೊಳಗೆ ಆಗುತ್ತೆ, ಹಾಗಾಗಿ ಬಚ್ಚಿಡೋ ಅಕ್ಷರಗಳು ಪ್ರತ್ಯಯ ಶುರುವಾಗೋ ಮುಂಚೇನೇ ಮುಗಿದಿರಬೇಕು.

ತಲೆ ಹಾರಿಸೋದು ಇನ್ನೊಂದು ಸುಲಭದ ಕೈಚಳಕ. "ದಸರಾ ಬಂತೂಂದ್ರೆ ಮೈಸೂರಲ್ಲಿ ಜೋಡಿಸೋ ರತ್ನದ ಪೀಠ, ಅದರ ತಲೆ ಹಾರಿಸಿಬಿಟ್ರೂ ಪೂರ್ತಿ ಒಂದು ಜಿಲ್ಲೆ ಉಳ್ಕೊಳ್ತು, ಅದೂ ವರ್ಷಕ್ಕೊಂದು ಸಲ ಮಾತ್ರ ಬಾಗಿಲು ತೆರೆಯೋ ದೇವಿಯ ಊರು (3)". ಸಿಂಹಾಸನದ ಸಿಂ ಹೋದ್ರೆ ಹಾಸನ. ಹಿಂದುಮುಂದು ಮಾಡೋದಂತೂ ವಾಲ್ಮೀಕಿ ಕಾಲದಿಂದ ಇದೆ, ಮರಾ ಮರಾ ಅಂತ ಹೇಳ್ತಾ ಹೇಳ್ತಾ ರಾಮ ರಾಮ ಆಯ್ತಂತಲ್ಲ. ಜಗ ತಿರುಗಿದ್ರೆ ಗಜ, ನದಿ ತಿರುಗಿದ್ರೆ ದಿನ, ರಾಜ ತಿರುಗಿದ್ರೆ ಜರಾ ಅಂದ್ರೆ ಮುಪ್ಪು, ಮತ ತಿರುಗಿದ್ರೆ ತಮ ಅಂದ್ರೆ ಕತ್ತಲೆ, ಕೊನೇದನ್ನ ಚುನಾವಣೆ ಹೊತ್ತಲ್ಲಿ ಹಾಕಿ ಮಜಾ ನೋಡಿ. ನನಗೆ ಇಷ್ಟ ಆಗಿದ್ದು: "ಯಾವಾಗಲೂ ಹಿಂದೆ ತಿರುಗಿ ನೋಡ್ತಾ ತಂಬೂರಿ ಮೀಟ್ತಾ ಹೋಗೋನು (2)". ಸದಾ ತಿರುಗಿದ್ರೆ ದಾಸ. ಉದ್ದ ಕಮ್ಮಿ ಆಯ್ತು, ಆದ್ರೆ ಅದನ್ನ ಎಳೆಯೋಕೆ ಮನಸ್ಸು ಬರಲಿಲ್ಲ.

ಅಕ್ಷರಗಳನ್ನ ಕಲಸಿ ಬೇರೆ ಪದ ಮಾಡೋದರಲ್ಲಿ ನಮಗೂ ಇಂಗ್ಲಿಷಿನವರಿಗೂ ಭೂಮಿ ಆಕಾಶದ ವ್ಯತ್ಯಾಸ. ಅವರು ಬಿಡಿ ಬಿಡಿ ಅಕ್ಷರ ಕಲಸ್ತಾರೆ, ಇಸ್ಪೀಟು ಎಲೆ ಕಲಸಿದ ಹಾಗೆ. ಗಾರ್ಡಿಯನ್ ಪತ್ರಿಕೆಗೆ ಅರಾಕೇರಿಯಾ ಅನ್ನೋ ಗುಪ್ತನಾಮದಲ್ಲಿ ದಶಕಗಟ್ಟಲೆ ಕ್ರಾಸ್‌ವರ್ಡ್ ಬರೆದ ಜಾನ್ ಗ್ರಹಾಂ ಅಂತ ಒಬ್ಬ ಪಾದ್ರಿ ಇದ್ರು, 2013ರಲ್ಲಿ ತೀರಿಕೊಂಡ್ರು, ತಮಗೆ ಕ್ಯಾನ್ಸರ್ ಇದೆ ಅನ್ನೋದನ್ನೂ ಓದುಗರಿಗೆ ಕ್ರಾಸ್‌ವರ್ಡ್ ಮೂಲಕವೇ ತಿಳಿಸಿದವರು. ಅವರ ಗುಪ್ತನಾಮವೇ ಒಂದು ಸುಳಿವು, ಅದು ಒಂದು ಮರದ ಹೆಸರು, ಇಂಗ್ಲಿಷಲ್ಲಿ ಆ ಮರಕ್ಕೆ ಮಂಕಿ ಪಜಲ್ ಅಂತಾರೆ. ಅವರದ್ದೊಂದು ಸುಳಿವು ಇವತ್ತಿಗೂ ಜನ ಹೇಳ್ಕೊಂಡು ತಿರುಗ್ತಾರೆ: ಸುಳಿವು ಓದಿದ್ರೆ ಒಂದು ಕ್ರಿಸ್ಮಸ್ ಹಾಡಿನ ಥರ ಇದೆ, ಅದರ 59 ಅಕ್ಷರ ಕಲಸಿ ಮತ್ತೆ ಜೋಡಿಸಿದ್ರೆ ಇನ್ನೊಂದು ಕ್ರಿಸ್ಮಸ್ ಹಾಡಿನ ಮೊದಲೆರಡು ಸಾಲು ಬರುತ್ತೆ, ಹನ್ನೆರಡು ಪದ, ಒಂದಕ್ಷರ ಹೆಚ್ಚಿಲ್ಲ ಕಮ್ಮಿ ಇಲ್ಲ. ನಾನು ಕೂತು ಒಂದೊಂದೇ ಎಣಿಸಿದೀನಿ, ಸರಿಯಾಗಿದೆ.

ಇದನ್ನ ಕನ್ನಡದಲ್ಲಿ ಮಾಡೋಕೆ ಹೋಗಬೇಡಿ. ನಮ್ಮ ಮನೆ ಒಂದಕ್ಕೆ ಒಂದು ಪೂರ್ತಿ ಅಕ್ಷರ, ಕಾಗುಣಿತ ಒತ್ತು ಸೊನ್ನೆ ಎಲ್ಲಾ ಸೇರಿ ಒಂದು ಮುದ್ದೆ. ಮಾನವ ಕಲಸಿದ್ರೆ ವಾಮನ ಅಂತ ಬಹಳ ಜನ ಅಂದ್ಕೋತಾರೆ, ಆಗಲ್ಲ. ಮಾನವದಲ್ಲಿ ಇರೋದು ಮಾ, ನ, ವ. ವಾಮನಕ್ಕೆ ಬೇಕಿರೋದು ವಾ, ಮ, ನ. ದೀರ್ಘ ಮಕಾರ ಬಿಟ್ಟು ವಕಾರಕ್ಕೆ ಹಾರಲ್ಲ. ಆದ್ರೆ ಮೂರು ಅಕ್ಷರದಲ್ಲಿ ಒಳ್ಳೊಳ್ಳೇವು ಸಿಗ್ತವೆ: ರಮಣ ಕಲಸಿದ್ರೆ ಮರಣ, ಮದನ ಕಲಸಿದ್ರೆ ದಮನ, ವದನ ಕಲಸಿದ್ರೆ ದವನ. ಎಲ್ಲಕ್ಕಿಂತ ಮೇಲೆ ಇದು: "ಸವತಿ ಬಂದ ಮೇಲೆ ಎಲ್ಲಾ ಅದಲು ಬದಲಾಯ್ತು ಅಂತ ಅಳ್ತಿದ್ದವಳಿಗೆ ಸರ್ಕಾರ ಯೋಜನೆ ಕೊಟ್ಟು ತಲೆ ಮೇಲೊಂದು ಚಾವಣಿ ಮಾಡ್ಕೊಡ್ತು (3)". ಸವತಿ, ವಸತಿ.

ಮನೆ ಲೆಕ್ಕದ ವಿಷಯ ಬಂತಲ್ಲ, ಬೇಗ ಹೇಳಿ ಮುಗಿಸ್ತೀನಿ. ಒತ್ತಕ್ಷರ ಒಂದೇ ಮನೆ, ಸೊನ್ನೆ ಹಿಂದಿನ ಅಕ್ಷರದ ಜೊತೆಗೇ. ಬಸ್, ಪೆನ್ ಥರದ ಪದಗಳ ಕೊನೇ ಅರ್ಧಾಕ್ಷರಕ್ಕೆ ನಾನು ಬೇರೆ ಮನೆ ಕೊಡ್ತೀನಿ. ನೀವು ಹೇಗೆ ಮಾಡಿದ್ರೂ ಸರಿ, ಮೇಲೆ ಒಂದು ಸಾಲು ಬರೆದುಬಿಡಿ.

ಸಂಧಿ ಉಪಯೋಗಿಸಬಹುದಾ? ಧಾರಾಳವಾಗಿ. "ಶಿಲೆ ಮಾರೋಕೆ ಮಳಿಗೆ ಇಟ್ಟ ಪುಣ್ಯಾತ್ಮ, ಹೊರಗೆ ಹಸಿರು ಬಣ್ಣ, ಒಳಗೆಲ್ಲಾ ಕೆಂಪು, ಬೇಸಿಗೆ ಬಂದ್ರೆ ಸಾಕು ಜನ ಮುಗಿಬಿದ್ದು ಕಪ್ಪು ಬೀಜ ಉಗೀತಾ ನಿಂತಿರ್ತಾರೆ (4)". ಕಲ್ಲು, ಅಂಗಡಿ, ಲೋಪ ಸಂಧಿ, ಕಲ್ಲಂಗಡಿ. ಊರ ಹೆಸರಿನ ಕಥೆ ಇದ್ರೆ ಅದನ್ನೂ ಬಿಡಬೇಡಿ. "ಅಪ್ಪ ಇಬ್ಬರಿಗೂ ಅಕ್ಕಪಕ್ಕದಲ್ಲೇ ಊರು ಬರೆದುಕೊಟ್ಟ, ಹಿರಿಯವಳ ಪಾಲಿನದ್ದು ಹಳ್ಳಿಯಾಗೇ ಉಳೀತು, ಕಿರಿಯವಳದ್ದು ಕಾಫಿ ಕುಡಿದು ಜಿಲ್ಲೆ ಆಯ್ತು (6)" ಅಂದ್ರೆ ಚಿಕ್ಕಮಗಳೂರು. ಹಿರೇಮಗಳೂರು ಪಕ್ಕದಲ್ಲೇ ಇದೆ, ಅದಕ್ಕೂ ಸರಿಯಾಗಿ ಆರೇ ಮನೆ, ಅದಕ್ಕೇ ಸುಳಿವಿನಲ್ಲಿ ಕಾಫಿ, ಜಿಲ್ಲೆ ಎರಡನ್ನೂ ತುರುಕಿದ್ದು.

ಈಗ ಒಂದನ್ನ ಮೊದಲಿಂದ ಕಟ್ಟೋಣ. ಪದ ಗಡಿಯಾರ. ಸಪ್ಪೆ ಸುಳಿವು "ಸಮಯ ತೋರಿಸುವುದು (4)". ಕುಟ್ಟಿ ನೋಡಿ, ಗಡಿ ಮತ್ತು ಯಾರ ಅಂತ ಸೀಳುತ್ತೆ. ಗಡಿಗೆ ಬೇರೆ ಪದ ಎಲ್ಲೆ. "ಎಲ್ಲೆ ಯಾರ" ಅಂತ ಯಾರೂ ಮಾತಾಡಲ್ಲ, "ಯಾರದು" ಅಂತಾರೆ, ಹಾಗೆ ಬರೆದ್ರೆ ದು ಹೆಚ್ಚಾಗುತ್ತೆ, ಲೆಕ್ಕಪತ್ರದ ತಂಗಿ ಗಂಡ ಮತ್ತೆ ಫೋನ್ ಮಾಡ್ತಾರೆ. ಮೊದಲು "ಎಲ್ಲೆ ಯಾರ ಕಡೆಗಿದೆ" ಅಂತ ತಿರುಚಿ ನೋಡಿದೆ, ಬಾಯಿಗೆ ಹತ್ತಲಿಲ್ಲ. ಎರಡು ದಿನ ಬಿಟ್ಟು ಪಾತ್ರೆ ತೊಳೀತಾ ಇದ್ದಾಗ ಹೊಳೀತು, ದು ತೆಗೆಯೋದು ಬೇಡ, ಕಥೆಯವರೇ ಅದನ್ನ ನುಂಗಲಿ. ಎಲ್ಲೆ ಅಂದ ಮೇಲೆ ಹೊಲ, ಹೊಲ ಅಂದ ಮೇಲೆ ಅಣ್ಣ ತಮ್ಮ, ಅಣ್ಣ ತಮ್ಮ ಅಂದ ಮೇಲೆ ಜಗಳ. ಕೊನೇ ರೂಪ ಇದು:

"ಹೊಲದ ಎಲ್ಲೆ ಯಾರದು ಅಂತ ಅಣ್ಣ ತಮ್ಮ ಮಧ್ಯರಾತ್ರಿವರೆಗೂ ಕಿತ್ತಾಡಿ, ಕೊನೇ 'ದು' ನುಂಗ್ಕೊಂಡು ಸುಮ್ಮನಾದಾಗ ಮನೇಲಿ ಕೇಳಿಸ್ತಿದ್ದಿದ್ದು ಗೋಡೆ ಮೇಲಿನ ಅದೊಂದೇ, ಟಿಕ್ ಟಿಕ್ (4)"

ಇಲ್ಲಿ ಅಣ್ಣನೂ ತಮ್ಮನೂ ಉತ್ತರಕ್ಕೆ ಏನೂ ಕೊಡ್ತಿಲ್ಲ, ಬರೀ ಕಥೆಗೆ ಬಂದವರು. ಇಂಗ್ಲಿಷಿನ ಕಟ್ಟಾ ಶಿಸ್ತಿನವರು ಒಂದು ಪದವೂ ದಂಡಕ್ಕೆ ಇರಬಾರದು ಅಂತಾರೆ, ನಾನು ಅಷ್ಟು ಬಿಗಿ ಮಾಡಲ್ಲ. ಸುಳಿವು ಹರಟೆ ಹೊಡೀಲಿ, ಸುಳ್ಳು ಹೇಳಬಾರದು, ಇಷ್ಟೇ ನನ್ನ ಕಾನೂನು. ಸುಳ್ಳು ಅಂದ್ರೆ ಯಾವುದು ಅಂತ ಹೇಳ್ತೀನಿ. ತಿರುಗಿ, ಹಿಂದೆ, ಒಳಗೆ, ತಲೆ, ಬಾಲ, ಅದಲು ಬದಲು, ನುಂಗಿ, ಇವೆಲ್ಲ ಪದಬಂಧ ಬಿಡಿಸೋರಿಗೆ ಆದೇಶದ ಹಾಗೆ. ಇವನ್ನ ಬರೆದ್ರೆ ನಿಜವಾಗ್ಲೂ ಆ ಕೆಲಸ ಇರಬೇಕು. ಕಾಡಿಗೆ ಸುಳಿವನ್ನ ಮೊದಲನೇ ಸಲ ಹಾಕಿದಾಗ "ರಾಮ ಹಿಂದೆ ತಿರುಗಿ ನೋಡದೆ ಹೊರಟಿದ್ದು ಎಲ್ಲಿಗೆ" ಅಂತ ಬರೆದಿದ್ದೆ, ಸುಮ್ಮನೆ ಅಂದಕ್ಕೆ. ಚಿಕ್ಕಪ್ಪ ರಾಮನನ್ನ ತಿರುಗಿಸಿ ಮರಾ ಮಾಡಿ, ಅಲ್ಲಿಂದ ವಾಲ್ಮೀಕಿ, ಹುತ್ತ, ಬೇಡ ಅಂತ ಸಂಜೆವರೆಗೂ ಅಲೆದಾಡಿದ್ರು. ಮರ ಇರೋದೂ ಕಾಡಲ್ಲೇ ತಾನೇ, ಉತ್ತರದ ಬೇಲಿ ಪಕ್ಕದಲ್ಲೇ ಸುತ್ತಿ ಸುತ್ತಿ ವಾಪಸ್ ಹೋದ್ರು. ರಾತ್ರಿ ಉತ್ತರ ಹೇಳಿದಾಗ ಅವರು ನಗಲಿಲ್ಲ. ಆ ಮೌನ ಇದೆಯಲ್ಲ, ಅದಕ್ಕಿಂತ ಬೈದಿದ್ರೆ ವಾಸಿ ಇತ್ತು.

ಹಾಗಾಗಿ ಕಳಿಸೋ ಮುಂಚೆ ಒಂದು ಪೆನ್ಸಿಲ್ ಹಿಡ್ಕೊಂಡು ಪ್ರತಿ ಪದದ ಕೆಳಗೂ ಗೆರೆ ಎಳೀರಿ: ಇದು ಅರ್ಥ, ಇದು ಆಟ, ಇದು ಹರಟೆ. ಹರಟೆ ಅಂತ ಗುರುತು ಹಾಕಿದ ಕಡೆ ಆದೇಶದ ಪದ ಕಂಡ್ರೆ ಹೊಡೆದು ಹಾಕಿ. ಅರ್ಥ ಅಂತ ಗುರುತು ಒಂದೂ ಬೀಳಲಿಲ್ಲ ಅಂದ್ರೆ ನೀವು ಬರೆದಿರೋದು ಸುಳಿವಲ್ಲ, ಕಾದಂಬರಿ. ಆಮೇಲೆ ಜೋರಾಗಿ ಒಂದು ಸಲ ಓದಿ, ಉಸಿರು ಸಾಲದಿದ್ರೆ ಕತ್ತರಿಸಿ, ಕತ್ತರಿಸೋದನ್ನ ಮಾತ್ರ ಬೇರೆಯವರ ಕೈಗೆ ಕೊಡಬೇಡಿ. ಒಂದು ಸಲ ರಾಜ್ಯೋತ್ಸವದ ಸಂಚಿಕೆಗೆ ಪದಬಂಧ ಕೇಳಿದ್ರು, ಕಳಿಸಿದೆ, ಪುಟ ಜೋಡಿಸೋರು ಕಾಲಮ್ಮಿಗೆ ಹಿಡಿಸಲಿಲ್ಲ ಅಂತ ಪ್ರತಿ ಸುಳಿವನ್ನೂ ಒಂದೂವರೆ ಸಾಲಿಗೆ ಕತ್ತರಿಸಿಬಿಟ್ಟಿದ್ರು. ಅಚ್ಚಾಗಿ ಬಂದಿದ್ದು "ದಸರಾ ಬಂತೂಂದ್ರೆ ಮೈಸೂರಲ್ಲಿ ಜೋಡಿಸೋ ರತ್ನದ ಪೀಠ (3)". ಮೂರು ಮನೇಲಿ ಸಿಂಹಾಸನ ಕೂರಿಸೋಕೆ ಜನ ಎಷ್ಟು ಒದ್ದಾಡಿದ್ರೋ ಏನೋ.

ಎಲ್ಲಾ ಸುಳಿವನ್ನೂ ಉದ್ದ ಮಾಡಬೇಡಿ, ಇಪ್ಪತ್ತರಲ್ಲಿ ಮೂರೋ ನಾಲ್ಕೋ ಸಾಕು, ಉಳಿದವು "ಆನೆ (2)" ಥರವೇ ಇರಲಿ, ಊಟಕ್ಕೆ ಅನ್ನ ಬೇಕಲ್ಲ. ಉದ್ದ ಸುಳಿವಿನ ಪದಕ್ಕೆ ಅಡ್ಡ ಬರೋ ಪದಗಳು ಸುಲಭದವಾಗಿರಲಿ, ಒಂದು ಅಕ್ಷರ ಸಿಕ್ಕಿದ್ರೆ ಬಿಡಿಸೋರಿಗೆ ಧೈರ್ಯ ಬರುತ್ತೆ. ಉತ್ತರ ಅವತ್ತೇ ಹೇಳಬೇಡಿ, ಸೋಮವಾರ ಆಫೀಸಿನ ಬಸ್ಸಲ್ಲಿ ಕೂತಾಗ ಥಟ್ ಅಂತ ಹೊಳೆದು ಮೆಸೇಜ್ ಮಾಡೋರು ಇರ್ತಾರೆ, ಅವರ ಖುಷಿ ಕಿತ್ಕೋಬೇಡಿ. ಈ ವಾರ ಗುಂಪಿಗೆ ಹಾಕಿರೋದು ಇದು, ಇನ್ನೂ ಯಾರೂ ಬಿಡಿಸಿಲ್ಲ:

"ಮಳೆ ನೀರು ನಿಂತ ರಸ್ತೇಲಿ ಸ್ಕೂಟರ್ ಇಳಿದಿದ್ದು ಎಲ್ಲಿಗೆ, ಅಂಗಿಗೆ ದರ್ಜಿ ತೂತು ಬಿಟ್ಟಿದ್ದು ಯಾತಕ್ಕೆ, ಇಷ್ಟಾದ ಮೇಲೂ ನಾಳೆ ಅದೇ ರಸ್ತೇಲಿ ಗಾಡಿ ಓಡಿಸ್ತೀನಿ ಅನ್ನೋನಿಗೆ ಗಟ್ಟಿ ಇರಬೇಕಾಗಿದ್ದು ಏನು (3)"